ಹಳೆಮನೆ ದುರಸ್ತಿ: ಮೊದಲು ಚಾವಣಿ, ಆಮೇಲೆ ಎ.ಸಿ.

ಹಳೆಮನೆ ದುರಸ್ತಿಗೆ ಕೈ ಹಾಕುವ ನಮ್ಮ ಬಾಂಧವರಲ್ಲಿ ಹಲವರು ಮೊದಲು ಹೆಂಚು ಇಳಿಸಿ ಆರ್‌ಸಿಸಿ ಹಾಕಿಸುತ್ತಾರೆ. ಬೇಸಿಗೆಯಲ್ಲಿ ಕೋಣೆ ಕಾದು ರಾತ್ರಿಯೂ ತಣಿಯುವುದಿಲ್ಲ. ವಯಸ್ಸಾದವರಿಗೆ ನಿದ್ದೆಯಿಲ್ಲ, ಕೊನೆಗೆ ಎ.ಸಿ. ತರುತ್ತಾರೆ. ತೊಲೆ, ರೀಪು ಗಟ್ಟಿಯಿದ್ದರೆ ದಯವಿಟ್ಟು ಮಂಗಳೂರು ಹೆಂಚನ್ನು ಉಳಿಸಿಕೊಳ್ಳಿ. ಹೆಂಚಿನ ಸಂದಿಯಿಂದ ಬಿಸಿಗಾಳಿ ಹೊರಹೋಗುತ್ತದೆ. ಅಡುಗೆಮನೆಯ ಮೇಲೆ ಎರಡು ಗಾಜಿನ ಹೆಂಚು ಕೂರಿಸಿದರೆ, ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಸಂಜೆಯ ಅಡುಗೆಗೆ ದೀಪ ಬೇಕಾಗುವುದೇ ಅಪರೂಪ.

ಈಗಾಗಲೇ ತಾರಸಿ ಇರುವವರು ಸೋರಿಕೆ ನಿಲ್ಲಿಸಿ, ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿಸಿ. ಸುಣ್ಣವೂ ಆದೀತು. ಮಳೆಗೆ ತೊಳೆದುಹೋಗುವುದರಿಂದ ಅದನ್ನು ವರ್ಷವರ್ಷವೂ ಬಳಿಯಬೇಕು.

ಹೊಸ ಗೋಡೆ ಎಬ್ಬಿಸುವವರಿಗೆ ಮಣ್ಣಿನ ಬ್ಲಾಕ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಇದರ ಮೇಲೆ ಬಹಳ ಕೆಲಸ ಮಾಡಿದೆ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುತ್ತಾರೆ, ಭಟ್ಟಿಯಲ್ಲಿ ಸುಡುವುದಿಲ್ಲ. ಸೌದೆ ಉಳಿಯಿತು, ಅಹಿಂಸೆಗೂ ಹತ್ತಿರ. ಎರೆಮಣ್ಣಿನ ಊರಿನವರು ಮಾತ್ರ ಮಣ್ಣು ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ.

ಸಾಮಾನ್ಯ ಫ್ಯಾನ್ ಸುಮಾರು 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನ್‌ಗೆ 30 ಸಾಕು. ಬೆಲೆ ಹೆಚ್ಚು, ಹಾಗಾಗಿ ದಿನವಿಡೀ ತಿರುಗುವ ಕಡೆ ಮೊದಲು ಬದಲಿಸಿ.

ಸೋಲಾರ್ ಕೊನೆಗಿರಲಿ. ಖರ್ಚು ಇಳಿದ ಮೇಲೆ ಸಣ್ಣ ಘಟಕವೇ ಸಾಕಾಗಬಹುದು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ್ದಾರೆ. ಮುಂಗಡ ಕೊಡುವ ಮೊದಲು, ಅಳವಡಿಸುವವರು ಯೋಜನೆಯಲ್ಲಿ ನೋಂದಾಯಿತರೇ ಎಂದು ನೋಡಿಕೊಳ್ಳಿ.