ಸಕ್ಕರೆ ಬೇನೆ: ಕಷಾಯದ ಲೋಟವನ್ನು ವೈದ್ಯರಿಂದ ಮರೆಮಾಡದಿರೋಣ

ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಗಾಣಗಾಪುರಕ್ಕೆ ಜನರು ಬರುವುದು ಕೇವಲ ದರ್ಶನಕ್ಕಾಗಿ ಅಲ್ಲ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಈ ದತ್ತಕ್ಷೇತ್ರಕ್ಕೆ ಕರ್ನಾಟಕದಿಂದಲೂ ನೆರೆಯ ಮಹಾರಾಷ್ಟ್ರದಿಂದಲೂ ಬರುವ ಯಾತ್ರಿಕರಲ್ಲಿ ಅನೇಕರು ಬಹುಕಾಲದ ಬೇನೆಯೊಂದನ್ನು ಹೊತ್ತು ಬಂದವರು. ಸಂಗಮದ ಔದುಂಬರ ವೃಕ್ಷದ, ಅಂದರೆ ಅತ್ತಿಮರದ, ನೆರಳಿನಲ್ಲಿ ಅವರು ಪಾರಾಯಣಕ್ಕೆ ಕುಳಿತುಕೊಳ್ಳುತ್ತಾರೆ. ಔಷಧಿ ಎಷ್ಟು ತಿಂದರೂ ಮುಗಿಯದ ಕಾಯಿಲೆ ಬಂದಾಗ ಮನುಷ್ಯನು ತೆರೆದಿರುವ ಎಲ್ಲ ಬಾಗಿಲುಗಳನ್ನೂ ತಟ್ಟುತ್ತಾನೆ. ನಮ್ಮ ಕಥೋಲಿಕ ಕುಟುಂಬಗಳೂ ಇದಕ್ಕೆ ಹೊರತಲ್ಲ. ನೊವೇನ, ಹರಕೆ, ಊರ ನಾಟಿವೈದ್ಯರ ಬೇರು, ಹೋಮಿಯೋಪತಿಯ ಸಣ್ಣ ಗುಳಿಗೆ ಇವೆಲ್ಲವೂ ನಮ್ಮ ಮನೆಗಳಲ್ಲಿಯೂ ಇವೆ. ಇದನ್ನು ಕಂಡು ನಗುವುದು ಸಲ್ಲದು. ಆದರೆ ಸಕ್ಕರೆ ಬೇನೆಯ ವಿಷಯದಲ್ಲಿ ಒಂದು ಎಚ್ಚರ ಅತ್ಯಗತ್ಯ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವುದೇ ಊರಿನಲ್ಲಿ ಇರಬಹುದಾದ ಒಂದು ಮನೆಯನ್ನು ನೆನೆದುಕೊಳ್ಳೋಣ. ಐವತ್ತೈದು ದಾಟಿದ ತಾಯಿ. ಸಕ್ಕರೆ ಬೇನೆ ಬಂದು ಆರು ವರ್ಷ. ಬೆಳಿಗ್ಗೆ ಎದ್ದೊಡನೆ ಹಾಗಲಕಾಯಿಯ ರಸ, ರಾತ್ರಿ ನೆನೆಯಿಟ್ಟ ಮೆಂತ್ಯ. ಜಾತ್ರೆಯಲ್ಲಿ ಡೇರೆ ಹಾಕಿದವನಿಂದ ತಂದ ಕಂದು ಬಣ್ಣದ ಪುಡಿ ಬೇರೆ. ‘ಗುಳಗಿ ಭಾಳ ಉಷ್ಣ, ಕಿಡ್ನಿ ಕೆಡತಾವ’ ಎಂದು ನೆರೆಯಾಕೆ ಹೇಳಿದ ಮೇಲೆ ಆಸ್ಪತ್ರೆಯ ಗುಳಿಗೆ ದಿನ ಬಿಟ್ಟು ದಿನ ಆಗಿದೆ. ತಪಾಸಣೆಗೆ ಹೋದಾಗ ಡಾಕ್ಟರು ಕೇಳುತ್ತಾರೆ: ‘ಗುಳಗಿ ಬರಾಬರಿ ತಗೋತೀರೇನವ್ವಾ?’ ತಾಯಿ ತಲೆಯಾಡಿಸುತ್ತಾಳೆ: ‘ಹೂಂರೀ ಸಾಹೇಬ್ರ.’ ಅಪಾಯ ಮೊಳೆಯುವುದು ಹಾಗಲಕಾಯಿಯಲ್ಲಿ ಅಲ್ಲ, ಈ ‘ಹೂಂ’ ಎಂಬ ಒಂದು ಮಾತಿನಲ್ಲಿ.

ಇಂಥ ಮನೆಗಳು ಒಂದೆರಡಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ 1 ಲಕ್ಷ 13 ಸಾವಿರ ಜನರನ್ನು ಪರೀಕ್ಷಿಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ, ಎಂದರೆ ಸುಮಾರು 10 ಕೋಟಿ ಜನರಿಗೆ, ಸಕ್ಕರೆ ಬೇನೆ ಇದೆ. ಇನ್ನೂ 13 ಕೋಟಿಗಿಂತ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಅಲಹಾಬಾದಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರಶ್ನಿಸಲಾದ ಮಧುಮೇಹಿಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಇತರ ಪದ್ಧತಿಗಳ ಮದ್ದನ್ನೂ ಬಳಸುತ್ತಿದ್ದುದು ಕಂಡುಬಂದಿತು. ಆದುದರಿಂದ ‘ಬಳಸಬೇಡಿ’ ಎಂದು ಗದರುವುದರಿಂದ ಪ್ರಯೋಜನವಿಲ್ಲ. ಹೇಗೆ ಬಳಸುತ್ತೇವೆ ಎಂಬುದನ್ನು ವಿಚಾರ ಮಾಡುವುದೇ ಲೇಸು.

ಮನೆಮದ್ದಿನಲ್ಲಿ ಎಷ್ಟು ಹುರುಳಿದೆ?

ಈ ಬೇನೆ ನಮ್ಮ ನಾಡಿಗೆ ಹೊಸದಲ್ಲ. ಚರಕ, ಸುಶ್ರುತರ ಸಂಹಿತೆಗಳಲ್ಲಿ ಪ್ರಮೇಹ, ಮಧುಮೇಹಗಳ ವಿವರಣೆಯಿದೆ. ದೇಹಶ್ರಮ ಮತ್ತು ಮಿತಾಹಾರಗಳನ್ನು ಅಂದಿನ ವೈದ್ಯರೇ ವಿಧಿಸಿದ್ದರು. ಪ್ರಮೇಹಕ್ಕೆ ಹೇಳಲಾದ ನ್ಯಗ್ರೋಧಾದಿ ಚೂರ್ಣದಲ್ಲಿ ಆಲದೊಂದಿಗೆ ಅತ್ತಿಯೂ ಸೇರಿದೆ. ಗಾಣಗಾಪುರದ ಸಂಗಮದಲ್ಲಿ ಪೂಜ್ಯವಾದ ಮರವೇ ವೈದ್ಯಗ್ರಂಥದಲ್ಲಿಯೂ ಸ್ಥಾನ ಪಡೆದಿರುವುದು ಗಮನಾರ್ಹ.

ಮೆಂತ್ಯದ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1990ರ ಸುಮಾರಿಗೆ ಪ್ರಯೋಗಗಳನ್ನು ನಡೆಸಿದರು. ಅದರಲ್ಲಿರುವ ನಾರಿನ ಅಂಶವು ಊಟದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಈ ಗುಣ ಸ್ವಲ್ಪಮಟ್ಟಿನದು, ಆದರೆ ನಿಜವಾದದ್ದು. ಹಾಗಲಕಾಯಿಯ ಕುರಿತು ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ತಜ್ಞರು, ಅದನ್ನು ಔಷಧಿಯೆಂದು ಶಿಫಾರಸು ಮಾಡಲು ಸಾಕಷ್ಟು ಆಧಾರವಿಲ್ಲ ಎಂದಿದ್ದಾರೆ. ಮಧುನಾಶಿನಿ ಎಲೆಯನ್ನು ಅಗಿದರೆ ನಾಲಿಗೆಗೆ ಕೆಲಹೊತ್ತು ಸಿಹಿಯೇ ತಿಳಿಯದು. ಆದರೆ ನಾಲಿಗೆಯಲ್ಲಿ ಸಿಹಿ ಅಡಗಿದ ಮಾತ್ರಕ್ಕೆ ರಕ್ತದಲ್ಲಿಯೂ ಅಡಗಿತೆಂದು ತಿಳಿಯಲಾಗದು.

ಆಸ್ಪತ್ರೆಯ ಗುಳಿಗೆಗೂ ಗಿಡಮೂಲಿಕೆಗೂ ಹಗೆತನವಿಲ್ಲ ಎಂಬುದಕ್ಕೆ ಮೆಟ್‌ಫಾರ್ಮಿನ್ ಒಂದು ಸಾಕ್ಷಿ. ಇಂದು ಸಕ್ಕರೆ ಬೇನೆಗೆ ಅತಿ ಹೆಚ್ಚಾಗಿ ಕೊಡಲಾಗುವ ಈ ಗುಳಿಗೆಯ ಮೂಲ, ಯೂರೋಪಿನ ಹಳ್ಳಿಗರು ಬಳಸುತ್ತಿದ್ದ ಗಲೀಗಾ ಎಂಬ ಸಸ್ಯದ ಸಂಶೋಧನೆಯಲ್ಲಿದೆ. ಆ ಸಸ್ಯದ ಸಾರ ವಿಷಕಾರಿ. ಅದಕ್ಕೆ ಸಂಬಂಧಿಸಿದ, ಅದಕ್ಕಿಂತ ಸುರಕ್ಷಿತವಾದ ರಾಸಾಯನಿಕವನ್ನು ತಯಾರಿಸಿ, ಪರೀಕ್ಷಿಸಿ, ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಸೊಪ್ಪಿಗೂ ಗುಳಿಗೆಗೂ ಇರುವ ಮುಖ್ಯ ವ್ಯತ್ಯಾಸ ಅಳತೆ ಮತ್ತು ಪರೀಕ್ಷೆಯದು.

ಅಪಾಯ ಎಲ್ಲಿದೆ?

ಮೊದಲನೆಯದು, ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದು. ಗುಳಿಗೆಯಿಂದ ಕಿಡ್ನಿ ಕೆಡುತ್ತದೆ ಎಂಬ ಭಯ ವ್ಯಾಪಕವಾಗಿದೆ. ವಾಸ್ತವವಾಗಿ ಕಿಡ್ನಿಯನ್ನೂ ಕಣ್ಣನ್ನೂ ಪಾದದ ನರಗಳನ್ನೂ ಮೆಲ್ಲಮೆಲ್ಲನೆ ಕೆಡಿಸುವುದು ಹತೋಟಿಗೆ ಬಾರದ ಸಕ್ಕರೆಯೇ. ಕಿಡ್ನಿ ದುರ್ಬಲವಾಗಿದ್ದರೆ ಗುಳಿಗೆಯ ಪ್ರಮಾಣವನ್ನು ಬದಲಿಸಬೇಕಾದವರು ವೈದ್ಯರು. ಇನ್ಸುಲಿನ್ ಮೇಲೆಯೇ ಬದುಕುವ ಮಕ್ಕಳು ಹಾಗೂ ಯುವಜನರ ವಿಷಯವಂತೂ ಇನ್ನೂ ಗಂಭೀರ. ಯಾರದೋ ಮಾತು ಕೇಳಿ ಅವರ ಸೂಜಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗಬಹುದು.

ಎರಡನೆಯದು, ಎರಡನ್ನೂ ಗುಟ್ಟಾಗಿ ಸೇರಿಸುವುದು. ಗುಳಿಗೆಯೂ ಕಷಾಯವೂ ಕೂಡಿ ಸಕ್ಕರೆಯನ್ನು ಅತಿಯಾಗಿ ಇಳಿಸಬಹುದು. ಬೆವರು, ನಡುಕ, ಎದೆಬಡಿತ, ಮಂಕು ಕವಿದಂತಾಗುವುದು ಇದರ ಲಕ್ಷಣಗಳು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಎಚ್ಚರವಿರುವ ರೋಗಿಗೆ ಕೂಡಲೇ ಸಕ್ಕರೆ ನೀರು ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮೂರನೆಯದು, ಹೆಸರು ವಿಳಾಸಗಳಿಲ್ಲದ ಪುಡಿ. ಅಮೆರಿಕದ ಬಾಸ್ಟನ್ ನಗರದ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಕಂಡುಬಂದುದು 2004ರಲ್ಲಿ ವರದಿಯಾಯಿತು. ‘ಗಿಡಮೂಲಿಕೆ’ಯೆಂದು ಮಾರಾಟವಾದ ಪುಡಿಗಳಲ್ಲಿ ಆಸ್ಪತ್ರೆಯ ಗುಳಿಗೆಯನ್ನೇ ಕದ್ದು ಬೆರೆಸಿದ ಪ್ರಕರಣಗಳೂ ಉಂಟು. ಪುಡಿ ತಿಂದ ಎರಡೇ ದಿನಕ್ಕೆ ಸಕ್ಕರೆ ಇಳಿಯಿತೆಂದರೆ ಸಂತೋಷಕ್ಕಿಂತ ಮೊದಲು ಸಂಶಯ ಬರಬೇಕು. ಸಕ್ಕರೆ ಬೇನೆಯನ್ನು ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದನ್ನು 1954ರ ಕಾನೂನೇ ನಿಷೇಧಿಸಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ನಾಲ್ಕನೆಯದು, ಹರಕೆಯ ಬರಿಗಾಲು. ಈ ಬೇನೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ಸುಡುವ ಬೇಸಿಗೆಯಲ್ಲಿ ಗಾಣಗಾಪುರದ ನದಿ ಹಾದಿಯಾಗಲಿ, ನಮ್ಮವರ ವೇಲಾಂಕಣಿ ಪಾದಯಾತ್ರೆಯಾಗಲಿ, ಕಾಲು ಸುಟ್ಟದ್ದು, ಮುಳ್ಳು ಚುಚ್ಚಿದ್ದು ರೋಗಿಗೆ ತಿಳಿಯದೇ ಹೋಗಬಹುದು. ಆ ಸಣ್ಣ ಗಾಯವೇ ಮುಂದೆ ಕಾಲು ಕತ್ತರಿಸುವ ಹಂತಕ್ಕೆ ಒಯ್ದೀತು. ಉಪವಾಸದ ಮಾತೂ ಅಷ್ಟೇ. ತಪಸ್ಸುಕಾಲದ ಉಪವಾಸದಿಂದ ರೋಗಿಗಳಿಗೆ ಧರ್ಮಸಭೆಯೇ ವಿನಾಯಿತಿ ನೀಡಿದೆ. ಗುಳಿಗೆ ನುಂಗಿ ಊಟ ಬಿಡುವುದು ಭಕ್ತಿಯಲ್ಲ, ದೇಹಕ್ಕೆ ಮಾಡುವ ಅನ್ಯಾಯ.

ಕಂಕನಾಡಿಯ ಪಾಠ

ಬೇರೆ ಬೇರೆ ವೈದ್ಯಪದ್ಧತಿಗಳು ಒಂದೇ ಅಂಗಳದಲ್ಲಿ ಹೇಗೆ ಬಾಳಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಜರ್ಮನಿ ಮೂಲದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಹಂಚತೊಡಗಿದರು. ಆಲದ ಮರವೊಂದರ ಕೆಳಗೆ ಈ ಸೇವೆ ಆರಂಭವಾಯಿತೆಂದು ಹೇಳುತ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ದೊರೆಯಿತು. ಮುಲ್ಲರ್ 1910ರಲ್ಲಿ ಕಾಲವಾದರು. ಅವರ ಹೆಸರಿನ ಸಂಸ್ಥೆ ಹೋಮಿಯೋಪತಿಗೇ ನಿಲ್ಲಲಿಲ್ಲ. ಆಧುನಿಕ ಆಸ್ಪತ್ರೆ ಬೆಳೆಯಿತು, 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜು ಆರಂಭವಾದವು. ಹೋಮಿಯೋಪತಿ ಗುಳಿಗೆಯಿಂದ ರಕ್ತದ ಸಕ್ಕರೆ ಇಳಿಯುತ್ತದೆ ಎಂಬುದಕ್ಕೆ ನಂಬಲರ್ಹ ಆಧಾರವಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ನಾವು ಕಲಿಯಬೇಕಾದ ಪಾಠ ಬೇರೆ: ಸೇವೆಗೆ ಆರಂಭದಲ್ಲಿ ಹಿಡಿದ ಪದ್ಧತಿಗೇ ಅಂಟಿಕೊಳ್ಳದೆ, ರೋಗಿಗೆ ಬೇಕಾದುದನ್ನು ಕಾಲಕಾಲಕ್ಕೆ ಸೇರಿಸಿಕೊಂಡ ವಿವೇಕ.

ಕುಟುಂಬಗಳು ಏನು ಮಾಡಬಹುದು?

ಮನೆಯಲ್ಲಿ ಬಳಸುವ ಕಷಾಯ, ಪುಡಿ, ಬೇರು, ಗುಳಿಗೆಗಳೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಲ್ಲಿಗೆ ಒಯ್ಯಿರಿ. ವೈದ್ಯರು ಗದರಿಯಾರೆಂಬ ಅಂಜಿಕೆಯಿದ್ದರೆ ಮಗನೋ ಸೊಸೆಯೋ ಜೊತೆಗೆ ಹೋಗಿ ಹೇಳಲಿ. ಆಯುರ್ವೇದ ಬೇಕೆನಿಸಿದರೆ ಪದವಿ ಪಡೆದು ನೋಂದಣಿಯಾದ ವೈದ್ಯರನ್ನು ಕಾಣಿರಿ, ಅವರಿಗೂ ನಿಮ್ಮ ಗುಳಿಗೆಗಳ ವಿವರ ಕೊಡಿರಿ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಿಂದ ಯಾವ ಮದ್ದು ಎಷ್ಟು ಫಲ ನೀಡಿತೆಂಬುದು ಬಯಲಾಗುತ್ತದೆ. ಮೂವತ್ತು ದಾಟಿದವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿರಿ. ನಮ್ಮ ಜೋಳದ ರೊಟ್ಟಿ, ಪುಂಡಿಪಲ್ಲೆ, ತೊಗರಿಬೇಳೆಯ ಊಟ ಒಳ್ಳೆಯದೇ. ಆದರೆ ಜೋಳವೂ ಧಾನ್ಯವೇ. ‘ಜೋಳಕ್ಕೆ ಸಕ್ಕರೆ ಏರದು’ ಎಂದು ನಾಲ್ಕು ರೊಟ್ಟಿಯ ಜಾಗದಲ್ಲಿ ಆರು ತಿಂದರೆ ಲೆಕ್ಕ ತಪ್ಪುತ್ತದೆ. ಪ್ರತಿ ರಾತ್ರಿ ಹಿರಿಯರ ಪಾದಗಳನ್ನು ದೀಪದ ಬೆಳಕಿನಲ್ಲಿ ನೋಡುವ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಿರಿ.

ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಪ್ರಾರ್ಥನೆ, ಮಣ್ಣಿನಿಂದ ಹುಟ್ಟುವ ಮದ್ದು, ವೈದ್ಯ ಈ ಮೂರಕ್ಕೂ ಗೌರವದ ಸ್ಥಾನ ನೀಡುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಿರೆಂದು ಅದು ಹೇಳುವುದಿಲ್ಲ. ನೆನೆದುಕೊಂಡ ಆ ತಾಯಿ ಮುಂದಿನ ಸಲ ತಪಾಸಣೆಗೆ ಹೋದಾಗ ‘ಹೂಂ’ ಎನ್ನದೆ, ‘ಇಲ್ರೀ ಸಾಹೇಬ್ರ, ದಿನ ಬಿಟ್ಟು ದಿನ ತಗೋಳಾಕತ್ತೀನಿ, ಈ ಪುಡಿನೂ ತಗೋತೀನಿ’ ಎಂದು ನಿಜ ನುಡಿಯಲಿ. ಅರ್ಧ ಚಿಕಿತ್ಸೆ ಆ ಮಾತಿನಿಂದಲೇ ಆರಂಭವಾಗುತ್ತದೆ. ಹಾಗೆ ನುಡಿಯುವ ಧೈರ್ಯವನ್ನು ಅವಳಿಗೆ ತುಂಬಬೇಕಾದವರು ಮನೆಯವರಾದ ನಾವು.