ಗಣಕಯಂತ್ರದ ತಾಪವೂ ಲೇಪದ ತತ್ತ್ವವೂ

ದುಡಿಯುವ ಯಂತ್ರವೆಲ್ಲ ಬಿಸಿಯಾಗುವುದು ಲೋಕಾನುಭವ. ಎತ್ತಿನ ಗಾಡಿಯ ಇರಚಿಯಿಂದ ಹಿಡಿದು ತೋಟಕ್ಕೆ ನೀರೆತ್ತುವ ಪಂಪಿನ ಮೋಟಾರಿನವರೆಗೆ, ತಾನು ಪಡೆದ ಶಕ್ತಿಯ ಒಂದಂಶವನ್ನು ಶಾಖರೂಪದಲ್ಲಿ ಹೊರಚೆಲ್ಲದ ಯಂತ್ರವಿಲ್ಲ. ಇಂದು ನಾಡಿನ ಶಾಲೆಗಳನ್ನು ಪ್ರವೇಶಿಸಿರುವ ಗಣಕಯಂತ್ರಕ್ಕೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅದರ ಮಿದುಳೆನ್ನಬಹುದಾದ ಸಂಸ್ಕಾರಕವು, ಎಂದರೆ ರೂಢಿಯಲ್ಲಿ ಪ್ರೊಸೆಸರ್ ಎಂದು ಕರೆಯಲ್ಪಡುವ ಅಂಗವು, ತಾನು ಹೀರಿಕೊಂಡ ವಿದ್ಯುತ್ತನ್ನು ಬಹುಮಟ್ಟಿಗೆ ಪೂರ್ತಿಯಾಗಿಯೇ ಶಾಖವಾಗಿ ಹಿಂದಿರುಗಿಸುತ್ತದೆ. ಲೆಕ್ಕ ಮಾಡುವುದು ಅದರ ಕೆಲಸ. ಕಾವೇರುವುದು ಅದರ ಸ್ವಭಾವ.

ದಾನಿಗಳ ಔದಾರ್ಯದಿಂದಲೂ ಹಳೆಯ ವಿದ್ಯಾರ್ಥಿಗಳ ಅಭಿಮಾನದಿಂದಲೂ ವಿದ್ಯಾಸಂಸ್ಥೆಗಳಿಗೆ ಗಣಕಯಂತ್ರಗಳು ಬರುತ್ತವೆ. ನಾಲ್ಕೈದು ವರ್ಷಗಳು ಸಂದ ಮೇಲೆ ‘ಯಂತ್ರ ನಿಧಾನವಾಯಿತು’, ‘ಪಾಠದ ನಡುವೆ ತಾನಾಗಿಯೇ ಆರಿಹೋಗುತ್ತದೆ’ ಎಂಬ ಆಕ್ಷೇಪಗಳು ಕೇಳಿಬರುತ್ತವೆ. ಕ್ರಮೇಣ ಅವು ಕೋಣೆಯ ಮೂಲೆಯನ್ನು ಸೇರಿ, ಅನುಪಯುಕ್ತ ವಸ್ತುಗಳ ಪಟ್ಟಿಯಲ್ಲಿ ನಮೂದಾಗುತ್ತವೆ. ಇವುಗಳಲ್ಲಿ ಕೆಲವಾದರೂ ನಿಜವಾಗಿ ಕೆಟ್ಟವಲ್ಲ; ತಮ್ಮಲ್ಲಿ ಹುಟ್ಟಿದ ಶಾಖವನ್ನು ಹೊರಹಾಕಲಾರದೆ ಬಳಲಿದವು. ಅಲ್ಪವೆಚ್ಚದ ಲೇಪವೂ ಅರ್ಧ ಗಂಟೆಯ ಎಚ್ಚರದ ಕೆಲಸವೂ ಇಂಥ ಯಂತ್ರವನ್ನು ಮರಳಿ ಮಕ್ಕಳ ಮುಂದೆ ನಿಲ್ಲಿಸಬಲ್ಲವು. ಆದುದರಿಂದ ಆ ಲೇಪದ ತತ್ತ್ವವನ್ನೂ ಪ್ರಯೋಗಕ್ರಮವನ್ನೂ ಅರಿಯುವುದು ಅಧ್ಯಾಪಕವರ್ಗಕ್ಕೆ ಆವಶ್ಯಕವೆನಿಸಿದೆ.

ಕಡಬದ ಹವೆಯ ನಿದರ್ಶನ

ವಿಷಯದ ಸ್ಪಷ್ಟತೆಗಾಗಿ ದಕ್ಷಿಣ ಕನ್ನಡ ಜಿಲ್ಲೆಯ ಕಡಬವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಿನ ಕೇಂದ್ರವಾಗಿರುವ ಈ ಊರು ಪಶ್ಚಿಮಘಟ್ಟದ ಅಡಿಯಲ್ಲಿ, ಕುಮಾರಧಾರಾ ನದಿಯ ಸೀಮೆಯಲ್ಲಿದೆ. ಸುತ್ತಲೂ ಅಡಿಕೆ, ರಬ್ಬರು, ತೆಂಗಿನ ತೋಟಗಳು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ಅದು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಾದರೋ ಬಿಸಿಲಿನ ಜತೆಗೆ ಬೆವರೂಡಿಸುವ ತೇವದ ಸೆಕೆ.

ಗಣಕಯಂತ್ರಕ್ಕೆ ಕನ್ನಡದ ಅಕ್ಷರಗಳನ್ನು ಒಗ್ಗಿಸಿದ ಕೀರ್ತಿಯಲ್ಲಿ ಈ ಜಿಲ್ಲೆಗೆ ದೊಡ್ಡ ಪಾಲಿದೆ. ಇಂದು ಬಳಕೆಯಲ್ಲಿರುವ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ಇಲ್ಲಿಯ ಕಿನ್ನಿಕಂಬಳದವರು. ತಮ್ಮ ತಂತ್ರಾಂಶಕ್ಕೆ ಅವರು ಇದೇ ಸೀಮೆಯ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಆದರೆ ಇಂಥ ಸೀಮೆಯ ಹವೆಯೇ ಯಂತ್ರಕ್ಕೆ ಅನುಕೂಲವಾದುದಲ್ಲ. ಫ್ಯಾನ್ ಬೀಸುವ ಯಾವ ಶೈತ್ಯಸಾಧನವೂ ಸಂಸ್ಕಾರಕವನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆಯ ಉಷ್ಣತೆಯ ಮೇಲೆ ಅದು ಎಷ್ಟು ಏರಬಹುದೆಂಬುದನ್ನು ಮಾತ್ರ ನಿಯಂತ್ರಿಸಬಲ್ಲದು. ಕೋಣೆಗಿಂತ 40 ಡಿಗ್ರಿಯಷ್ಟು ಏರುವ ಸಂಸ್ಕಾರಕವು 20 ಡಿಗ್ರಿಯ ಕೋಣೆಯಲ್ಲಿ 60ಕ್ಕೆ ನಿಂತರೆ, 35 ಡಿಗ್ರಿಯ ಕೋಣೆಯಲ್ಲಿ 75ಕ್ಕೆ ಮುಟ್ಟುತ್ತದೆ. ಇದರ ಮೇಲೆ, ತೇವದ ಗಾಳಿಯಲ್ಲಿ ಧೂಳು ಹುಡಿಯಾಗಿ ಉಳಿಯದೆ ಲೋಹಕ್ಕೆ ಅಂಟಿ ಪದರಗಟ್ಟುತ್ತದೆ. ಪೆಟ್ಟಿಗೆಯ ಬೆಚ್ಚನೆಯ ಒಳಭಾಗವನ್ನು ಇರುವೆಯೂ ಹಲ್ಲಿಯೂ ಆಶ್ರಯಿಸುವುದುಂಟು. ಬಯಲುಸೀಮೆಯಲ್ಲಿ ಕ್ಷಮಿಸಲ್ಪಡುವ ಸಣ್ಣ ಉದಾಸೀನವು ಕರಾವಳಿಯ ಮಗ್ಗುಲಲ್ಲಿ ಯಂತ್ರದ ಬಾಳನ್ನೇ ಮೊಟಕುಗೊಳಿಸಬಹುದು.

ಶಾಖವು ಸಾಗುವ ದಾರಿ

1971ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಮೊದಲ ಸಂಸ್ಕಾರಕಕ್ಕಾಗಲಿ, 1978ರ 8086ಕ್ಕಾಗಲಿ ಪ್ರತ್ಯೇಕ ಶೈತ್ಯಸಾಧನ ಬೇಕಾಗಿರಲಿಲ್ಲ. 1993ರಲ್ಲಿ ಪೆಂಟಿಯಂ ಬಂದ ಮೇಲೆ ಸಂಸ್ಕಾರಕದ ನೆತ್ತಿಯ ಮೇಲೆ ಲೋಹದ ರೆಕ್ಕೆಗಳೂ ಪುಟ್ಟ ಫ್ಯಾನೂ ಸಾಮಾನ್ಯವಾದವು. ಈಗಿನ ಸಾಧಾರಣ ಸಂಸ್ಕಾರಕವೂ 65 ವಾಟಿನಷ್ಟು ಶಾಖವನ್ನು ಹೊರಸೂಸುವುದುಂಟು. ಹಿಂದಿನ 60 ವಾಟಿನ ಬುರುಡೆ ದೀಪವನ್ನು ಉರಿಯುವಾಗ ಮುಟ್ಟಿದವರಿಗೆ ಆ ಕಾವಿನ ಅರಿವುಂಟು. ಅಷ್ಟೇ ಕಾವು ಇಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಹುಟ್ಟುತ್ತದೆ.

ಈ ಶಾಖವು ಹೊರಹೋಗುವ ದಾರಿಯಲ್ಲಿ ಹಲವು ಮೆಟ್ಟಿಲುಗಳಿವೆ. ಮೊದಲು ಅದು ಸಿಲಿಕಾನಿನ ಬಿಲ್ಲೆಯಿಂದ ಅದರ ಲೋಹದ ಮುಚ್ಚಳಕ್ಕೆ ಬರುತ್ತದೆ. ಅಲ್ಲಿಂದ ಕೂಲರಿನ ತಳಕ್ಕೆ, ತಳದಿಂದ ತಾಮ್ರ ಅಥವಾ ಅಲ್ಯೂಮಿನಿಯಮಿನ ರೆಕ್ಕೆಗಳಿಗೆ, ಕೊನೆಗೆ ಫ್ಯಾನು ಬೀಸುವ ಗಾಳಿಗೆ. ಈ ಮೆಟ್ಟಿಲುಗಳಲ್ಲಿ ಕೂಲರನ್ನು ಕೂರಿಸುವವನ ಕೈಗೆ ಸಿಕ್ಕುವುದು ಮುಚ್ಚಳಕ್ಕೂ ತಳಕ್ಕೂ ನಡುವಣ ಸಂಧಿ. ಲೇಪಕ್ಕೆ ಸ್ಥಾನವಿರುವುದು ಇಲ್ಲಿಯೇ.

ಲೇಪದ ತತ್ತ್ವ

ಕನ್ನಡಿಯಂತೆ ಹೊಳೆಯುವ ಎರಡು ಲೋಹಫಲಕಗಳನ್ನು ಒಂದರ ಮೇಲೊಂದಿಟ್ಟರೂ ಅವು ನಿಜವಾಗಿ ಒಂದನ್ನೊಂದು ಮುಟ್ಟುವುದು ಅಲ್ಲಲ್ಲಿ ಮಾತ್ರ. ಕಣ್ಣಿಗೆ ಕಾಣದ ಉಬ್ಬುತಗ್ಗುಗಳ ನಡುವೆ ಗಾಳಿ ಸೇರಿಕೊಂಡಿರುತ್ತದೆ. ಗಾಳಿಯಾದರೋ ಶಾಖಕ್ಕೆ ದಾರಿ ಬಿಡದ ವಸ್ತು. ಕಂಬಳಿ ಹೊದ್ದವನನ್ನು ಬೆಚ್ಚಗಿಡುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ. ಹಂಚಿನ ಮೇಲೆ ರೊಟ್ಟಿ ಸುಡುವ ತಾಯಿ ಇದನ್ನು ಬಲ್ಲಳು. ರೊಟ್ಟಿ ಹಂಚನ್ನು ಬಿಟ್ಟು ಮೇಲೆದ್ದ ಕಡೆ ಬೇಯುವುದಿಲ್ಲವೆಂದೇ ಅವಳು ಅರಿವೆಯಿಂದ ಅದನ್ನು ಒತ್ತುವುದು.

ಈ ಎಡೆಗಳನ್ನು ತುಂಬಲು ಬಳಸುವ ಪದಾರ್ಥವನ್ನು ಅಂಗಡಿಗಳಲ್ಲಿ ಥರ್ಮಲ್ ಪೇಸ್ಟ್ ಎಂದು ಕೇಳಿದರೆ ಕೊಡುತ್ತಾರೆ. ಸಿಲಿಕೋನ್ ಜಾತಿಯ ಜಿಡ್ಡಿನಲ್ಲಿ ಸತುವಿನ ಆಕ್ಸೈಡು, ಅಲ್ಯೂಮಿನಿಯಮಿನ ಆಕ್ಸೈಡು ಮೊದಲಾದ ನುಣ್ಣನೆಯ ಪುಡಿಗಳನ್ನು ಕಲಸಿ ಇದನ್ನು ತಯಾರಿಸುವರು. ‘ಲೇಪ’ವೆಂಬ ಶಬ್ದ ಬಂದುದು ಬಳಿಯುವುದೆಂಬ ಅರ್ಥದ ‘ಲಿಪ್’ ಧಾತುವಿನಿಂದ. ಅಕ್ಷರದ ‘ಲಿಪಿ’ಯನ್ನೂ ವೈಯಾಕರಣರು ಅದೇ ಧಾತುವಿನಿಂದ ಸಾಧಿಸುತ್ತಾರೆ. ಮಸಿ ಹೆಚ್ಚಾದರೆ ಅಕ್ಷರ ಕೆಡುವಂತೆ ಲೇಪ ಹೆಚ್ಚಾದರೆ ಕೆಲಸ ಕೆಡುತ್ತದೆಂಬುದನ್ನು ನೆನಪಿಡಲು ಈ ನಂಟು ಸಾಕು.

ಶಾಖವನ್ನು ಸಾಗಿಸುವ ಸಾಮರ್ಥ್ಯವನ್ನು ಅಂಕಿಗಳಲ್ಲಿ ಹೇಳುವುದಾದರೆ ಗಾಳಿಯದು 0.026, ಸಾಧಾರಣ ಲೇಪದ್ದು 5ರ ಆಸುಪಾಸು, ತಾಮ್ರದ್ದು ಸುಮಾರು 400. ಮೂರು ಸೆಂಟಿಮೀಟರು ಉದ್ದಗಲದ ಮುಚ್ಚಳದ ಮೇಲೆ ತಲೆಗೂದಲಿನಷ್ಟು, ಎಂದರೆ 0.05 ಮಿಲಿಮೀಟರಿನ ಎಡೆಯಿದ್ದು, ಅದರಲ್ಲಿ ಬರಿಯ ಗಾಳಿಯೇ ತುಂಬಿದೆಯೆಂದು ಭಾವಿಸೋಣ. 65 ವಾಟು ಶಾಖ ಅದರ ಮೂಲಕ ದಾಟಬೇಕಾದರೆ ಇತ್ತಲಿಗೂ ಅತ್ತಲಿಗೂ ಸುಮಾರು 140 ಡಿಗ್ರಿಯ ಅಂತರ ಬೇಕಾಗುತ್ತದೆ. ಅದೇ ಎಡೆಯಲ್ಲಿ ಲೇಪವಿದ್ದರೆ ಒಂದು ಡಿಗ್ರಿಗೂ ಕಡಿಮೆ ಸಾಕು. ಆದರೆ ಆ ಲೇಪವನ್ನೇ ಅರ್ಧ ಮಿಲಿಮೀಟರು ದಪ್ಪವಾಗಿ ಬಳಿದರೆ ಅಂತರವು ಮತ್ತೆ ಏಳು ಡಿಗ್ರಿಗೆ ಏರುತ್ತದೆ. ಗಾಳಿಯ ಎದುರಿಗೆ ಲೇಪ ಉತ್ತಮ. ಲೋಹದ ಎದುರಿಗೆ ಅದೇ ಲೇಪ ಅಧಮ. ಲೋಹಕ್ಕೆ ಲೋಹ ತಾಗಿರುವ ಕಡೆ ಅದು ಅಡ್ಡ ಬರಬಾರದು. ತಾಗದ ತಗ್ಗುಗಳಲ್ಲಿ ಮಾತ್ರ ಇರಬೇಕು. ಮುಂದೆ ಹೇಳುವ ವಿಧಿಗಳಿಗೆಲ್ಲ ಇದೇ ಆಧಾರ.

ಲೇಪನದ ಕ್ರಮ

ಹಳೆಯ ಕೂಲರನ್ನು ತೆಗೆಯುವ ಮೊದಲು ಯಂತ್ರವನ್ನು ಹತ್ತು ನಿಮಿಷ ನಡೆಸಿ, ಅನಂತರ ಆರಿಸಿ, ವಿದ್ಯುತ್ತಿನ ವಯರನ್ನು ಕಳಚಬೇಕು. ಬೆಚ್ಚಗಾದ ಲೇಪ ಮೆದುವಾಗಿ ಸುಲಭವಾಗಿ ಬಿಡುತ್ತದೆ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳುವುದು ಕ್ಷೇಮ. ಕಡಬದ ತೇವದಲ್ಲಿ ಈ ಭಯ ಕಡಿಮೆಯಾದರೂ ಉತ್ತರದ ಜಿಲ್ಲೆಗಳ ಒಣಹವೆಯಲ್ಲಿ ಕಡೆಗಣಿಸತಕ್ಕದ್ದಲ್ಲ. ಕೂಲರನ್ನು ಸೆಳೆದೆತ್ತಬಾರದು, ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುವಿ ಬಿಡಿಸಬೇಕು. ಕಡ್ಡಿಗಳು ಸಂಸ್ಕಾರಕದ ಕೆಳಗೇ ಇರುವ ಜಾತಿಯಲ್ಲಿ, ಸೆಳೆದರೆ ಸಂಸ್ಕಾರಕವೇ ಕಿತ್ತುಬಂದು ಕಡ್ಡಿ ಬಾಗುವ ಅಪಾಯವಿದೆ.

ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಎರಡೂ ಮೈಗಳ ಮೇಲಿಂದ ಪೂರ್ತಿ ಒರೆಸಬೇಕು. ನೀರು, ಸೀಮೆಎಣ್ಣೆ ಸಲ್ಲವು. ಚಾಕುವಿನಿಂದ ಕೆರೆಯುವುದಂತೂ ಕೂಡದು. ಒಣಗಿದ ಮೇಲೆ ಬೆರಳು ತಾಗಿಸದೆ, ಮುಚ್ಚಳದ ನಟ್ಟನಡುವೆ ತೊಗರಿಕಾಳಿನಷ್ಟು ಹೊಸ ಲೇಪವನ್ನಿಡಬೇಕು. ಅದನ್ನು ಬೆರಳಿನಿಂದ ಸವರುವ ಆವಶ್ಯಕತೆಯಿಲ್ಲ. ಸವರಿದರೆ ಗಾಳಿಯ ಗುಳ್ಳೆಗಳು ಒಳಸೇರುತ್ತವೆ. ಮೇಲಿನಿಂದ ಬೀಳುವ ಒತ್ತಡವೇ ಲೇಪವನ್ನು ನಡುವಿನಿಂದ ಅಂಚಿಗೆ ಹರಡಿ ಗಾಳಿಯನ್ನು ಹೊರದೂಡುತ್ತದೆ. ಹೊಸ ಕೂಲರಿನ ತಳದಲ್ಲಿ ತಯಾರಕರೇ ಲೇಪ ಹಚ್ಚಿದ್ದರೆ ಮತ್ತೆ ಹಚ್ಚುವುದು ಬೇಡ. ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯಿದ್ದರೆ ಅದನ್ನು ಮರೆಯದೆ ಕೀಳಬೇಕು.

ಕೂರಿಸುವ ಕ್ರಮ

ಕೂಲರನ್ನು ನೇರವಾಗಿ ಮೇಲಿನಿಂದ ಇಳಿಸಿ ಒಮ್ಮೆಗೇ ಕೂರಿಸಬೇಕು. ಸರಿಯಾಯಿತೋ ಇಲ್ಲವೋ ಎಂದು ಎತ್ತಿ ನೋಡಿದರೆ ಗಾಳಿ ಒಳಸೇರುತ್ತದೆ. ಆಗ ಎಲ್ಲವನ್ನೂ ಒರೆಸಿ ಮೊದಲಿನಿಂದ ತೊಡಗುವುದೊಂದೇ ದಾರಿ. ನಾಲ್ಕು ತಿರುಪುಗಳನ್ನು, ಜೀಪಿನ ಗಾಲಿಯ ನಟ್ಟುಗಳನ್ನು ಬಿಗಿಯುವ ಹಾಗೆ, ಎದುರುಬದುರಾಗಿ, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿಯುತ್ತ ಬರಬೇಕು. ಒಂದನ್ನೇ ಪೂರ್ತಿ ಬಿಗಿದರೆ ತಳ ವಾಲಿ, ಲೇಪವು ಒಂದು ಪಕ್ಕಕ್ಕೆ ದಪ್ಪವಾಗಿ ಇನ್ನೊಂದು ಪಕ್ಕಕ್ಕೆ ಬರಿದಾಗುತ್ತದೆ. ಇಂಟೆಲ್ ಯಂತ್ರಗಳ ಜತೆ ಬರುವ ಕೂಲರುಗಳಲ್ಲಿ ತಿರುಪಿಗೆ ಬದಲು ನಾಲ್ಕು ಪ್ಲಾಸ್ಟಿಕ್ ಗೂಟಗಳಿರುವುದುಂಟು. ಅವನ್ನೂ ಎದುರುಬದುರಾಗಿಯೇ, ‘ಟಕ್’ ಎಂಬ ಸದ್ದು ಕೇಳುವವರೆಗೆ ಒತ್ತಿ, ನಾಲ್ಕೂ ಮದರ್‌ಬೋರ್ಡಿನ ಹಿಂಬದಿಗೆ ದಾಟಿವೆಯೇ ಎಂದು ಪರೀಕ್ಷಿಸಬೇಕು. ಒಂದು ಗೂಟ ಸಡಿಲವಾದರೂ ಉಳಿದ ಮೂರರ ಶ್ರಮ ವ್ಯರ್ಥ.

ಫ್ಯಾನಿನ ವಯರನ್ನು ಮದರ್‌ಬೋರ್ಡಿನಲ್ಲಿ ಅದಕ್ಕೆಂದೇ ಇರುವ ಸ್ಥಾನಕ್ಕೆ ಸಿಕ್ಕಿಸದಿದ್ದರೆ ಯಂತ್ರ ನಿಲ್ಲಲು ಹೆಚ್ಚು ಹೊತ್ತು ಬೇಡ. ಗೋಪುರದಂತೆ ಎತ್ತರವಾದ ಕೂಲರಿನಲ್ಲಿ ಫ್ಯಾನು ಗಾಳಿಯನ್ನು ಪೆಟ್ಟಿಗೆಯ ಹಿಂಬದಿಗೆ ದೂಡುವಂತಿರಬೇಕು. ಪೆಟ್ಟಿಗೆಯ ಬೆನ್ನನ್ನು ಗೋಡೆಗೆ ಆನಿಸಿಡುವುದೂ, ಯಂತ್ರ ನಡೆಯುತ್ತಿರುವಾಗ ಧೂಳಿನ ಭಯದಿಂದ ಬಟ್ಟೆಯ ಮುಸುಕು ಹೊದಿಸುವುದೂ ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು. ಕೊನೆಗೆ ಯಂತ್ರದ ಬಯಾಸಿನಲ್ಲಿ ಉಷ್ಣತೆಯನ್ನು ಓದಿ ನೋಡಬೇಕು. ಕೆಲಸವಿಲ್ಲದಾಗ 50 ಡಿಗ್ರಿಯೊಳಗೂ, ದುಡಿಯುವಾಗ 80ರೊಳಗೂ ಇದ್ದರೆ ಚಿಂತೆಯಿಲ್ಲ. ಅನೇಕ ಸಂಸ್ಕಾರಕಗಳು 100 ಡಿಗ್ರಿಯ ಹತ್ತಿರ ತಮ್ಮ ವೇಗವನ್ನು ತಾವೇ ಕುಗ್ಗಿಸಿಕೊಳ್ಳುತ್ತವೆ. ಅದೂ ಸಾಲದಿದ್ದರೆ ಆರಿಹೋಗುತ್ತವೆ. ಮುಪ್ಪೆಂದು ಭಾವಿಸಲ್ಪಡುವ ನಿಧಾನವು ಎಷ್ಟೋ ವೇಳೆ ಈ ಆತ್ಮರಕ್ಷಣೆಯೇ.

ಪಾಲನೆಯ ಹೊಣೆ

ಲೇಪವೂ ಶಾಶ್ವತವಲ್ಲ. ಕಾವು ಏರಿ ಇಳಿದಂತೆಲ್ಲ ಅದರ ಜಿಡ್ಡು ಬೇರ್ಪಟ್ಟು, ಕೆಲವು ವರ್ಷಗಳಲ್ಲಿ ಒಣಗಿ ಬಿರಿಯುತ್ತದೆ. ಮೂರು ನಾಲ್ಕು ವರ್ಷಗಳಿಗೊಮ್ಮೆ ಅದನ್ನು ಬದಲಿಸುವುದು ಯುಕ್ತ; ರೆಕ್ಕೆಗಳ ಧೂಳನ್ನಾದರೋ ವರ್ಷಕ್ಕೊಮ್ಮೆ, ಕಡಬದಂಥ ಕಡೆ ಎರಡು ಸಲ, ಮೆದುವಾದ ಕುಂಚದಿಂದ ತೆಗೆಯಬೇಕು. ಬೇಸಗೆಯ ರಜೆ ಈ ಕೆಲಸಕ್ಕೆ ತಕ್ಕ ಕಾಲ. ಮಾಡಿನ ಹಂಚು ಕೈಯಾಡಿಸುವ ಕೆಲಸ ಮಳೆಗಾಲಕ್ಕೆ ಮೊದಲು ಮುಗಿಯುವಂತೆ ಇದೂ ಮುಗಿಯಬೇಕು. ಒಂದೊಂದು ಯಂತ್ರಕ್ಕೂ ಕ್ರಮಸಂಖ್ಯೆಯಿತ್ತು, ಲೇಪ ಬದಲಿಸಿದ ದಿನಾಂಕವನ್ನೂ ಓದಿದ ಉಷ್ಣತೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಯಾವ ಯಂತ್ರಕ್ಕೆ ಆರೈಕೆ ಬೇಕೆಂಬುದು ಮುಂದಿನ ಅಧ್ಯಾಪಕರಿಗೆ ನೋಡಿದೊಡನೆ ತಿಳಿಯುತ್ತದೆ.

ಹೊಸ ಯಂತ್ರವನ್ನು ಕೊಡುವ ದಾನಿಗಳು ಅದರ ಜತೆಗೆ ಪಾಲನೆಗೆಂದು ಒಂದು ಅಲ್ಪಮೊತ್ತವನ್ನು ಇರಿಸುವುದು, ತಾಂತ್ರಿಕ ಶಿಕ್ಷಣ ಪಡೆದ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಒಂದು ದಿನವನ್ನು ತಾವು ಕಲಿತ ಶಾಲೆಗೆ ಮೀಸಲಿಡುವುದು, ಅಧ್ಯಾಪಕರು ಆ ದಿನ ಮೇಲ್ತರಗತಿಯ ಮಕ್ಕಳನ್ನು ಜತೆಗಿರಿಸಿಕೊಂಡು ಕೆಲಸವನ್ನು ಕಲಿಸುವುದು: ಈ ಮೂರೂ ಕೂಡಿಬಂದರೆ ಕೊಟ್ಟ ಯಂತ್ರ ಹೆಚ್ಚು ಕಾಲ ಬಾಳುತ್ತದೆ. ಶಾಖ ಹೇಗೆ ಸಾಗುತ್ತದೆಂಬ ವಿಜ್ಞಾನದ ಪಾಠವೂ ಅದೇ ಮೇಜಿನ ಮೇಲೆ ಮಕ್ಕಳ ಕೈಗೆ ದಕ್ಕುತ್ತದೆ.