ನೀರಿನ ಮೆಟ್ಟಿಲುಗಳು

ಕನ್ನಂಬಾಡಿಯ ನೀರುಂಡು ಬಾಳುವ ನಮಗೆ ನಾಲೆಯೆಂದರೆ ಗದ್ದೆಗೆ ನೀರುಣಿಸುವ ಕಾಲುವೆ. ಅದು ಇಳಿಜಾರನ್ನನುಸರಿಸಿ ಒಂದೇ ದಿಕ್ಕಿಗೆ ಹರಿಯುತ್ತದೆ. ದೋಣಿಗಳ ಸಂಚಾರಕ್ಕೆಂದೇ ತೋಡಿದ ನಾಲೆಯ ಧರ್ಮ ಬೇರೆ. ಅಲ್ಲಿ ನೀರು ಬಹುಮಟ್ಟಿಗೆ ನಿಶ್ಚಲವಾಗಿರಬೇಕು. ದೋಣಿ ಮಾತ್ರ ಏರನ್ನೇರಿ ಇಳಿಯಬೇಕು. ಇದನ್ನು ಸಾಧಿಸಿದ ಮಹತ್ಕಾರ್ಯಗಳಲ್ಲಿ ದಕ್ಷಿಣ ಫ್ರಾನ್ಸಿನ ‘ಕನಾಲ್ ದ್ಯು ಮಿದಿ’ ಒಂದು.

ತುಲೂಸ್ ನಗರದಿಂದ ಮೆಡಿಟರೇನಿಯನ್ ತೀರದ ತೋ ಸರೋವರದವರೆಗೆ ಸುಮಾರು 240 ಕಿಲೋಮೀಟರ್ ಸಾಗುವ ಈ ನಾಲೆ 1666ರಿಂದ 1681ರ ಅವಧಿಯಲ್ಲಿ ನಿರ್ಮಾಣವಾಯಿತು. ತುಲೂಸಿನಲ್ಲಿ ಗರೋನ್ ನದಿಯನ್ನು ಕೂಡುವುದರಿಂದ, ಸ್ಪೇನ್ ದೇಶವನ್ನು ಬಳಸದೆಯೇ ಅಟ್ಲಾಂಟಿಕ್ ಸಾಗರದ ಕಡೆಗೆ ಸರಕು ಸಾಗಿಸುವುದು ಸಾಧ್ಯವಾಯಿತು.

ದೋಣಿ ಏರುವ ಬಗೆ ಹೀಗಿದೆ. ನಾಲೆಯಲ್ಲಿ ಅಲ್ಲಲ್ಲಿ ‘ಲಾಕ್’ ಎಂಬ ಕಲ್ಲಿನ ತೊಟ್ಟಿಗಳುಂಟು. ದೋಣಿ ಒಳಬಂದೊಡನೆ ಕೆಳಗಿನ ಕದ ಮುಚ್ಚಿ, ಮೇಲ್ಗಡೆಯ ತೂಬನ್ನು ತೆರೆಯುತ್ತಾರೆ. ನೀರು ತುಂಬಿದಂತೆ ದೋಣಿಯೂ ಮೇಲೇರುತ್ತದೆ. ಮಟ್ಟ ಸಮನಾದಾಗ ಮೇಲಿನ ಕದ ತೆರೆಯುತ್ತದೆ. ಇಳಿಯುವಾಗ ಇದೇ ಕ್ರಮ ತಿರುವುಮುರುವು. ಬೆಝಿಯೆ ಪಟ್ಟಣದ ಬಳಿ ಇಂತಹ ಎಂಟು ತೊಟ್ಟಿಗಳನ್ನು ಮೆಟ್ಟಿಲಿನಂತೆ ಸಾಲಾಗಿ ಕಟ್ಟಿದ್ದಾರೆ.

ಆದರೆ ಪ್ರತಿ ದೋಣಿಯ ಪಯಣಕ್ಕೂ ಮೇಲಿನ ನೀರು ಕೆಳಗಿಳಿದು ವ್ಯಯವಾಗುತ್ತದೆ. ಆದ್ದರಿಂದ ನಾಲೆಯ ನೆತ್ತಿಯಲ್ಲಿ ಬತ್ತದ ನೀರು ಬೇಕು. ಉಪ್ಪಿನ ತೆರಿಗೆಯ ಅಧಿಕಾರಿಯಾಗಿದ್ದ ಪಿಯೆರ್ ಪೋಲ್ ರಿಕೆಯು ಕಂಡುಕೊಂಡ ಮರ್ಮವಿದು. ಅವನು ‘ಕರಿಯ ಬೆಟ್ಟ’ದ ತೊರೆಗಳನ್ನು ತಿರುಗಿಸಿ, ಸೇನ್ ಫೆರಿಯೋಲ್‌ನಲ್ಲಿ ಅಣೆಕಟ್ಟನ್ನು ಕಟ್ಟಿಸಿ, ಅತ್ಯುನ್ನತ ಸ್ಥಳವಾದ ನೋರೂಜಿಗೆ ನೀರು ತಂದನು.

ನೀರು ಒದಗದಿದ್ದರೆ ನಾಲೆಯ ಗತಿಯೇನೆಂಬುದಕ್ಕೆ ನಮ್ಮ ಮೈಸೂರಿನಲ್ಲಿಯೇ ನಿದರ್ಶನವಿದೆ. ದಿವಾನ್ ಪೂರ್ಣಯ್ಯನವರು ಕಾವೇರಿಯನ್ನು ನಗರಕ್ಕೆ ತರಲು ತೋಡಿಸಿದ ನಾಲೆಯು ಉದ್ದೇಶಿತ ಫಲವನ್ನು ಕೊಡಲಿಲ್ಲ. ಕೊಳಚೆ ನಿಂತ ಅದರ ಬಹುಭಾಗವನ್ನು 1886ರಲ್ಲಿ ಮುಚ್ಚಲಾಯಿತು. ಅಲ್ಲಿ ಸಯ್ಯಾಜಿರಾವ್ ರಸ್ತೆ ಮೂಡಿತು. ಮುಂದೆ ಯಂತ್ರಗಳೇ ನೀರನ್ನು ಮೇಲೆತ್ತಬೇಕಾಯಿತು.

ರಿಕೆಯು ತನ್ನ ಸಂಪತ್ತನ್ನೂ ಈ ಕಾರ್ಯಕ್ಕೆ ತೊಡಗಿಸಿ, ಸಾಲಗಾರನಾಗಿ 1680ರಲ್ಲಿ ತೀರಿಕೊಂಡನು. ಮರುವರ್ಷ ನಾಲೆ ಪೂರ್ಣಗೊಂಡಿತು. ಪೂರ್ಣಗೊಂಡ ನಾಲೆಯನ್ನು ಅವನು ಕಾಣಲಿಲ್ಲ. 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ನಾಲೆಯಲ್ಲಿ ಇಂದು ಸರಕಿಗೆ ಬದಲಾಗಿ ಪ್ರವಾಸಿಗಳು ನಿಧಾನವಾಗಿ ತೇಲುತ್ತಾರೆ.

ವಿದ್ಯಾಸಂಸ್ಥೆಗೂ ಈ ಮಾತು ಸಲ್ಲುತ್ತದೆ. ಕಟ್ಟಡವೆಂಬ ತೊಟ್ಟಿಯನ್ನು ಒಮ್ಮೆ ಕಟ್ಟಿದರೆ ಸಾಲದು. ವರ್ಷವರ್ಷವೂ ಮೇಲೇರಲು ಬರುವ ಪ್ರತಿಯೊಂದು ಮಗುವಿಗೂ ಹೊಸ ನೀರು ಬೇಕು. ಗುರುಗಳ ಕಾಯಕ, ದಾನಿಗಳ ದಾಸೋಹ, ಹಿಂದಿನ ವಿದ್ಯಾರ್ಥಿಗಳ ಅಭಿಮಾನ ಇವೇ ಆ ನೀರು. ಅದು ಬತ್ತದಿರಲಿ.